ಪಾಲಿಗೆ ಬಂದ ದೇವರು

ನಮ್ಮ ಮನೆಯ ದೇವರ ಗಂಟೆಯ ಹಿಡಿಕೆಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿತ್ತು. ಹಿಡಿಕೆಯ ತುದಿಯಲ್ಲಿದ್ದ ಹಿತ್ತಾಳೆಯ ಗರುಡನ ಎಡರೆಕ್ಕೆ ಯಾವ ಕಾಲದಲ್ಲೋ ಮುರಿದಿತ್ತು. ಉಳಿದ ಚೂಪು ಅಂಗೈಗೆ ಚುಚ್ಚುತ್ತಿತ್ತು. ಕರೆಂಟಿನ ಕೆಲಸಕ್ಕೆಂದು ತಂದಿಟ್ಟಿದ್ದ ಟೇಪನ್ನು ಅಪ್ಪ ಒಂದು ದಿನ ಅದಕ್ಕೆ ಬಿಗಿಯಾಗಿ ಸುತ್ತಿಬಿಟ್ಟ. ಅತ್ತೆ ಬೈಯಬಹುದೆಂದು ನಾನು ಕಾದೆ. ಅವಳು ಗಂಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಗರುಡಂಗೆ ಪಟ್ಟಿ ಕಟ್ಟಿದ್ದ ಅಪ್ಪಿ. ಬೇಗ ಗುಣ ಆಗ್ತು," ಎಂದಳು. ಅಪ್ಪಿ ಎಂದರೆ ನನ್ನ ಅಪ್ಪ, ಅವಳ ತಮ್ಮ.

ಅಪ್ಪ ಶಿರಸಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅವನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಯಾರ ಮೇಲೂ ಹೇರಿಯೂ ಇರಲಿಲ್ಲ. ಕನ್ನಡಕ ಇದೆ ಎಂಬಷ್ಟೇ ಸಹಜವಾಗಿ ಹೇಳುತ್ತಿದ್ದ. ಹೀಗಿದ್ದೂ ದಿನಾ ಬೆಳಿಗ್ಗೆ ಮಿಂದು, ಒದ್ದೆ ಪಂಚೆಯಲ್ಲೇ ನಿಂತು ಈ ಗಂಟೆಯನ್ನು ಬಾರಿಸುತ್ತಿದ್ದವನು ಅವನೇ. ನನ್ನ ಬಾಲ್ಯದಲ್ಲಿ ಇದು ನನಗೆ ವಿಚಿತ್ರವೆನಿಸಿರಲಿಲ್ಲ. ಎಲ್ಲರ ಮನೆಯಲ್ಲೂ ನಂಬದವರೇ ಪೂಜೆ ಮಾಡುತ್ತಾರೆಂದು ತಿಳಿದಿದ್ದೆ.

ದೇವರು ನಮ್ಮ ಮನೆಗೆ ಬಂದದ್ದು ಪಾಲಿನಲ್ಲಿ. ಅಜ್ಜ ತೀರಿಕೊಂಡು ಸಿದ್ದಾಪುರದ ಕಡೆಯ ಅವನ ಮನೆ ಹಿಸೆಯಾದಾಗ ಚಿಕ್ಕಪ್ಪಂದಿರು ಜಮೀನು, ಪಾತ್ರೆ, ದನ ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡರಂತೆ. ಕೊನೆಗೆ ಉಳಿದದ್ದು ಸಾಲಿಗ್ರಾಮಗಳಿದ್ದ ತಾಮ್ರದ ಪೆಟ್ಟಿಗೆ. ಚಿಕ್ಕಪ್ಪಂದಿರಿಬ್ಬರೂ ಮಹಾ ದೈವಭಕ್ತರು. ಆದರೆ ಸಾಲಿಗ್ರಾಮ ಮನೆಯಲ್ಲಿದ್ದರೆ ಒಂದು ದಿನವೂ ಪೂಜೆ ತಪ್ಪುವಂತಿಲ್ಲ, ಎಲ್ಲಿಗೂ ಹೋಗಿ ಉಳಿಯುವಂತಿಲ್ಲ. "ದೇವ್ರು ಹಿರಿಯವಂಗೇ ಹೇಳಿ ಮೊದ್ಲಿಂದ ನಡ್ಕಂಡು ಬಂದದ್ದು," ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಹಿರಿಯವನು ಅಪ್ಪ. ದೇವರ ಜೊತೆಗೆ ಅತ್ತೆಯೂ ಬಂದಳು. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು, ಅಪ್ಪನಿಗಿಂತ ದೊಡ್ಡವಳು. ಅಜ್ಜ ಅವಳನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಿದ್ದ. ಪೂಜೆಗೆ ಅಣಿ ಮಾಡಿಕೊಡಲು ಮನೆಯಲ್ಲಿ ಒಂದು ಹೆಣ್ಣುಜೀವ ಬೇಕೆಂದು.

ಸಿದ್ದಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಅಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅತ್ತೆ ಪಕ್ಕದಲ್ಲಿ ಕೂತು ಅದನ್ನು ಕಾಯುತ್ತಿದ್ದಳು. ಹೆಂಗಸರು ಸಾಲಿಗ್ರಾಮ ಮುಟ್ಟುವ ಹಾಗಿಲ್ಲ. ಕಂಡಕ್ಟರು ಪೆಟ್ಟಿಗೆ ನೋಡಿ ಲಗೇಜು ಎಂದನಂತೆ. ಅಪ್ಪ ಜೇಬಿಗೆ ಕೈ ಹಾಕುವಷ್ಟರಲ್ಲಿ ಅತ್ತೆ, "ತೊಡೆ ಮೇಲೆ ಕೂತವ್ರಿಗೆ ಟಿಕೇಟು ಇಲ್ಲ ಅಂತ ಅಲ್ಲಿ ಬರೆದದ್ದು ಕಾಣ್ತದಲ್ಲ?" ಎಂದು ಫಲಕ ತೋರಿಸಿದಳು. ಅದು ಮಕ್ಕಳಿಗೆ ಎಂದ ಕಂಡಕ್ಟರು. "ನಮ್ಮನೇಲಿ ಇವನೇ ಚಿಕ್ಕವ, ದಿನಾ ಮೀಯಿಸಬೇಕು," ಎಂದಳು ಅತ್ತೆ. ಈ ಕಥೆಯನ್ನು ಅಪ್ಪ ನೂರು ಸಲ ಹೇಳಿ ನಗುತ್ತಿದ್ದ.

ಶಿರಸಿಯಲ್ಲಿ ನಮ್ಮದು ಪೇಟೆಯೊಳಗಿನ ಬಾಡಿಗೆ ಮನೆ. ಬಸ್‌ಸ್ಟ್ಯಾಂಡಿನಿಂದ ಏರುವ ದಾರಿಯಲ್ಲಿ, ಒಂದೇ ಗೋಡೆ ಹಂಚಿಕೊಂಡ ಮನೆಗಳ ಸಾಲಿನ ಕೊನೆಯದು. ಕಟ್ಟಿಸಿದ ಕೊಂಕಣಿ ಸಾಹುಕಾರರು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ ರೇಡಿಯೋ ಇಡಲೆಂದು ಒಂದು ಗೂಡು ಬಿಡಿಸಿದ್ದರು. ದೇವರು ಕೂತದ್ದು ಅಲ್ಲಿ. ಬಚ್ಚಲಿನಿಂದ ಬಂದವರು ದೇವರೆದುರು ಹಾಯದೆ ಮನೆಯೊಳಗೆ ಬರುವಂತಿರಲಿಲ್ಲ. ಅಪ್ಪ ಸಿಕ್ಕಿಬಿದ್ದದ್ದೇ ಹಾಗೆ ಎಂದು ಆಯಿ, ನನ್ನ ಅಮ್ಮ, ಹೇಳುತ್ತಿದ್ದಳು.

ನಿಜವಾದ ಕಾರಣ ಬೇರೆ. ದೇವರಿಗೆ ನೈವೇದ್ಯವಾಗದೆ ಅತ್ತೆ ಬಾಯಿಗೆ ನೀರನ್ನೂ ಹಾಕುತ್ತಿರಲಿಲ್ಲ. ಮೊದಮೊದಲು ಪೂಜೆಗೆ ಒಬ್ಬ ಭಟ್ಟರನ್ನು ಗೊತ್ತು ಮಾಡಿದ್ದರು. ಅವರು ನಾಲ್ಕು ಮನೆ ಮುಗಿಸಿ ಬರುವಾಗ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಅತ್ತೆ ಅಲ್ಲಿಯವರೆಗೂ ಖಾಲಿ ಹೊಟ್ಟೆಯಲ್ಲಿ ನಮಗೆಲ್ಲ ತೆಳ್ಳೇವು ದೋಸೆ ಎರೆದು ಹಾಕುತ್ತಿದ್ದಳು. ಒಂದು ವಾರ ನೋಡಿದ ಅಪ್ಪ ಎಂಟನೆಯ ದಿನ ಬಚ್ಚಲಿನಿಂದ ಬಂದವನು ಅಲ್ಲೇ ನಿಂತ.

"ಅಕ್ಕಾ, ಯಂಗೆ ನಂಬಿಕೆ ಇಲ್ಲೆ ಹೇಳಿ ನಿಂಗೆ ಗೊತ್ತಿದ್ದು. ಆನು ಮಾಡಿದ್ರೆ ಆಗ್ತ?"

"ನಂಬವು ಹೇಳಿ ಎಲ್ಲೂ ಇಲ್ಲೆ ಅಪ್ಪಿ. ಮಿಂದಿರವು ಹೇಳಿ ಇದ್ದು. ಮಿಂದಿದ್ಯಲ, ಕೂತ್ಕ."

ನಂಬದಿದ್ದರೂ ಸರಿ, ಮಿಂದಿರಬೇಕು. ಅಂದಿನಿಂದ ಅದೇ ಕ್ರಮವಾಯಿತು. ಬೆಳಗಿನ ಜಾವ ನನಗೆ ಎಚ್ಚರವಾಗುತ್ತಿದ್ದದ್ದು ಅತ್ತೆ ಗಂಧ ತೇಯುವ ಸದ್ದಿಗೆ. ಕಲ್ಲಿನ ಮೇಲೆ ಮರ ಸುತ್ತುವ, ಯಾರೋ ನಿಧಾನವಾಗಿ ಉಸಿರಾಡುತ್ತಿರುವಂಥ ಸದ್ದು. ಹಿತ್ತಿಲಲ್ಲಿ ಒಂದು ಬಿಳಿ ದಾಸವಾಳ, ಒಂದು ನಂದಿಬಟ್ಟಲು, ಡಬ್ಬದಲ್ಲಿ ತುಳಸಿ. ಹೂ ಕೊಯ್ದು ಬುಟ್ಟಿಯನ್ನು ಮಣೆಯ ಬಲಕ್ಕೆ ಇಟ್ಟು, ದೀಪ ಹಚ್ಚಿ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ಅಪ್ಪ ಪಿಪೆಟ್ಟಿನಿಂದ ಆಸಿಡ್ ಬಿಡುವವನ ಎಚ್ಚರದಲ್ಲಿ ಅಭಿಷೇಕ ಮಾಡುತ್ತಿದ್ದ. ಉಪನಯನದ ಕಾಲಕ್ಕೆ ಬಾಯಿಪಾಠವಾದ ಮಂತ್ರ ಕಾಲೇಜಿನ ಗಂಟೆ ನೆನಪಾದಂತೆಲ್ಲ ಓಡುತ್ತಿತ್ತು. "ಅಪ್ಪೀ, ಒಂದು ಸಾಲು ಹಾರಿಸ್ದೆ," ಎಂದು ಹೊಸ್ತಿಲಿನಿಂದ ದನಿ ಬರುತ್ತಿತ್ತು. ಅವನು ಹಿಂದೆ ಹೋಗಿ ಆ ಸಾಲನ್ನು ಹೇಳಿ ಬರುತ್ತಿದ್ದ. ಮಂತ್ರ ಅವಳಿಗೂ ಪೂರ್ತಿ ಬರುತ್ತಿತ್ತು, ಹೇಳುವ ಹಾಗಿರಲಿಲ್ಲ. ಇದರ ಬಗ್ಗೆ ನನಗೆ ಆಗಲೇ ಸಿಟ್ಟಿತ್ತು. ಅವಳಿಗಿರಲಿಲ್ಲ.

ಭಾನುವಾರಗಳಂದು ನಮ್ಮ ಜಗಲಿಯಲ್ಲಿ ಮಾತು. ಅಪ್ಪನ ಸಹೋದ್ಯೋಗಿ ಶಿವಾನಂದ ಸರ್ ಬನವಾಸಿಯ ಕಡೆಯವರು, ಇತಿಹಾಸ ಕಲಿಸುತ್ತಿದ್ದರು. ನಂಬಿಕೆಯ ವಿಷಯದಲ್ಲಿ ಅಪ್ಪನಿಗಿಂತ ಕಟ್ಟುನಿಟ್ಟು. ತಮ್ಮ ಮದುವೆಯ ಮುಹೂರ್ತವನ್ನೇ ಬೇಕೆಂದು ತಪ್ಪಿಸಿದವರು. ಅವರ ದನಿ ದೊಡ್ಡದು, ಮನಸ್ಸು ಮೆದು. ಅತ್ತೆ ಕಷಾಯದ ಲೋಟ ತಂದಿಡುವಾಗ ಅವರ ಮಾತಿನಲ್ಲೊಂದು ಎಳೆ ಹಿಡಿದು ಎಳೆಯುತ್ತಿದ್ದಳು. ವಾದದಲ್ಲಿ ಹೆಚ್ಚಾಗಿ ಸೋಲುತ್ತಿದ್ದವಳು ಅವಳೇ. ಸೋತರೆ ಮುಖ ಸಣ್ಣದಾಗುತ್ತಿರಲಿಲ್ಲ. ಒಳ್ಳೆಯ ಊಟ ಉಂಡವಳಂತೆ ಒಳಗೆ ಬರುತ್ತಿದ್ದಳು. "ನೀನು ಯಾವ ಬದಿಗೆ?" ಎಂದು ನಾನೊಮ್ಮೆ ಆಯಿಯನ್ನು ಕೇಳಿದ್ದೆ. "ಎರಡೂ ಬದಿಯವ್ಕೂ ಕಷಾಯ ಕಾಸ ಬದಿಗೆ," ಎಂದಿದ್ದಳು ಆಯಿ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಯಲ್ಲಾಪುರದ ಕಡೆಯ ಒಂದು ಹೈಸ್ಕೂಲಿನವರು ಅಪ್ಪನನ್ನು ವೈಜ್ಞಾನಿಕ ಮನೋಭಾವದ ಕುರಿತು ಮಾತನಾಡಲು ಕರೆದರು. ಮಾತು ಮುಗಿಸಿ ಮಾಗೋಡು ಜಲಪಾತ ನೋಡಿ ಬರುವುದೆಂದು ಶಿವಾನಂದ ಸರ್ ಕೂಡ ಹೊರಟರು. ಬಸ್ಸು ಹಿಡಿಯಲು ಅವರು ಎಂದಿಗಿಂತ ಬೇಗ ನಮ್ಮ ಮನೆಗೆ ಬಂದುಬಿಟ್ಟರು.

"ಏನ್ರಿ ಅಕ್ಕಾರ, ಒಳಗ ಗಂಟಿ ಕೇಳಸಾಕತ್ತೈತಿ. ಪುರೋಹಿತರು ಬಂದಾರೇನ್ರಿ?" ಎಂದು ಅವರು ಬಾಗಿಲಲ್ಲಿ ಆಯಿಯನ್ನು ಕೇಳಿದರು.

"ಇಲ್ಲ ಸರ್. ಇವರೇ," ಎಂದಳು ಆಯಿ.

ಇಷ್ಟು ವರ್ಷದ ಸ್ನೇಹದಲ್ಲಿ ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಅಪ್ಪನನ್ನು "ಅರ್ಚಕರ" ಎಂದೇ ಕರೆದರಂತೆ. ಅದನ್ನು ಅಪ್ಪ ತಡೆದುಕೊಳ್ಳುತ್ತಿದ್ದ. ಆದರೆ ಭಾಷಣ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಸರ್, ನಿಮ್ಮ ಮನೆಯಲ್ಲಿ ದೇವರ ಪೂಜೆ ಇದೆಯೇ?" ಎಂದು ಕೇಳಿದಳು. ಅಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. "ಇದೆ. ನಾನೇ ಮಾಡುತ್ತೇನೆ," ಎಂದ. ಸಭೆಗೆ ಸಭೆಯೇ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲವಂತೆ. ಬರೆದುಕೊಂಡಿದ್ದನ್ನು ಒಮ್ಮೆ ನೋಡಿ ಕೂತುಕೊಂಡಳಂತೆ. ಜಲಪಾತ ನೋಡದೆ ಅವರಿಬ್ಬರೂ ಮುಂದಿನ ಬಸ್ಸಿಗೇ ಮರಳಿದರು.

ಅಂದು ಸಂಜೆ ಅಪ್ಪ ಚಪ್ಪಲಿ ಬಿಟ್ಟವನೇ ಅಡುಗೆಮನೆಗೆ ಬಂದ. ಅತ್ತೆ ಮೊಗೆಕಾಯಿ ಹೆಚ್ಚುತ್ತಿದ್ದಳು.

"ಅಕ್ಕಾ, ಮಕ್ಕಳ ಎದುರಿಗೆ ಒಂದು, ದೇವ್ರ ಎದುರಿಗೆ ಒಂದು ಮಾಡಲಾಗ. ದೇವ್ರನ್ನ ಮಠಕ್ಕೆ ಕೊಟ್ಟಿಕ್ಕೆ ಬಪ್ಪನ. ಅಲ್ಲಿ ಪೂಜೆ ಚೊಲೋ ನಡೀತು."

ಪೂಜೆ ನಡೆಸಲಾಗದ ಮನೆಯವರು ಸಾಲಿಗ್ರಾಮಗಳನ್ನು ಮಠಕ್ಕೆ ಒಪ್ಪಿಸಿ ಬರುವುದು ನಮ್ಮಲ್ಲಿ ರೂಢಿ. ಅದರಲ್ಲಿ ಅವಮಾನವೇನಿಲ್ಲ. ಆದರೆ ಅತ್ತೆಯ ಕೈ ನಿಂತಿತು. ಗಂಡನ ಮನೆಯಿಂದ ಅವಳು ತಂದದ್ದು ಏನೂ ಇರಲಿಲ್ಲ. ಅಜ್ಜನ ಮನೆಯಲ್ಲೂ ನಮ್ಮ ಮನೆಯಲ್ಲೂ ದಿನದಲ್ಲಿ ಇದು ನನ್ನದು ಎಂದು ಅವಳು ಹೇಳಬಹುದಾಗಿದ್ದ ಹೊತ್ತು ಒಂದೇ, ಪೂಜೆಯದು. ಆಗ ನನಗೆ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಅವಳ ಮುಖ ನೋಡಿ ಏನೋ ಹೋಗುತ್ತಿದೆ ಎಂದಷ್ಟೇ ತಿಳಿಯಿತು.

"ಹಂಗೆಲ್ಲ ಒಬ್ಬವ ಹೇಳಿದ್ರೆ ಆತ?" ಎಂದಳು ಅವಳು. "ದಿನಾ ಯಾರ್‍ಯಾರ ದೇವ್ರ ಬಗ್ಗೆಯೋ ವಾದ ಮಾಡ್ತಿ. ಯಮ್ಮನೆ ದೇವ್ರ ಬಗ್ಗೆ ಒಂದಿನ ಮಾಡನ. ಬಪ್ಪ ಭಾನುವಾರ, ಮಾಸ್ತರ್ರೂ ಬರ್ಲಿ. ನಿಂಗವು ಗೆದ್ರೆ ಪೆಟ್ಟಿಗೆ ಮಠಕ್ಕೆ. ಆನು ಗೆದ್ರೆ ಇಲ್ಲೇ."

ಅಪ್ಪ ಒಪ್ಪಿದ. ವಾದಕ್ಕೆ ಕರೆದರೆ ಒಲ್ಲೆ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

"ಯನ್ನ ಬದಿಗೆ ಕೂಸು ಮಾತಾಡ್ತು," ಎಂದು ಅತ್ತೆ ಸೇರಿಸಿದಳು. ಕೂಸು ಎಂದರೆ ನಾನು.

ನಾನು ಹೆಚ್ಚು ಮಾತನಾಡುವವಳಲ್ಲ. ಬಂದವರೆದುರು ಹೆಸರು ಹೇಳಲೂ ಹಿಂಜರಿಯುತ್ತಿದ್ದೆ. ವೇದಿಕೆಯ ಮೇಲೆ ಮಾತ್ರ, ಯಾವ ಬದಿಗೆ ಮಾತನಾಡಬೇಕೆಂದು ಚೀಟಿ ಎತ್ತಿದ ಮೇಲೆ, ಅದು ನನ್ನ ಮಾತಲ್ಲವೆಂಬ ಧೈರ್ಯದಲ್ಲಿ ನಿರರ್ಗಳವಾಗಿ ಮಾತನಾಡುತ್ತಿದ್ದೆ. ಹಿಂದಿನ ತಿಂಗಳಷ್ಟೇ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದೆ. ಆದರೂ ಆ ರಾತ್ರಿ ಊಟದ ಹೊತ್ತಿಗೆ ಅತ್ತೆಯ ಹತ್ತಿರ, "ಯಂಗೂ ದೇವರ ಬಗ್ಗೆ ಗೊತ್ತಿಲ್ಲೆ ಅತ್ತೆ. ಹ್ಯಾಂಗೆ ವಾದ ಮಾಡದು?" ಎಂದೆ.

"ಟೀವಿ ಒಳ್ಳೇದು ಹೇಳಿ ವಾದ ಮಾಡಿ ಕಪ್ಪು ಗೆದ್ಕಂಡು ಬೈಂದೆ. ಯಮ್ಮನೇಲಿ ಟೀವಿನೇ ಇಲ್ಲೆ. ದೇವ್ರಾದ್ರೂ ಮನೇಲಿ ಇದ್ದ," ಎಂದಳು ಅತ್ತೆ. ಅಪ್ಪ ಕೂಡ ನಕ್ಕ.

ಆ ವಾರವೆಲ್ಲ ನಾನು ಸಿದ್ಧತೆ ಮಾಡಿದೆ. ನೀನು ಯಾಕೆ ನಂಬುತ್ತೀ ಎಂದು ಅತ್ತೆಯನ್ನು ಎರಡು ಮೂರು ಸಲ ಕೇಳಿದೆ. "ಅದನ್ನ ಹೇಳಲೆ ಬತ್ತಿದ್ರೆ ನಿನ್ನ ಎಂತಕ್ಕೆ ಕರೀತಿದ್ದೆ?" ಎಂದು ಅವಳು ನನ್ನ ತಲೆಗೆ ಎಣ್ಣೆ ತಟ್ಟಿದಳು. ಹಾಗಾಗಿ ನಾನೇ ಯೋಚಿಸಿ ಮೂರು ಅಂಶಗಳನ್ನು ಮಾಡಿಕೊಂಡೆ. ಅಪ್ಪ ದಿನವೂ ಪೂಜೆ ಮಾಡುತ್ತಲೇ ಇದ್ದ. ಎಂದಿಗಿಂತ ನಿಧಾನವಾಗಿ ಮಾಡುತ್ತಿದ್ದನೋ ಎಂದು ನನಗೆ ಅನುಮಾನ.

ಭಾನುವಾರ ಪೂಜೆ, ತಿಂಡಿ ಮುಗಿದ ಮೇಲೆ ಜಗಲಿಯಲ್ಲಿ ಕೂತೆವು. ಅಪ್ಪ, ಶಿವಾನಂದ ಸರ್ ಒಂದು ಬದಿಗೆ. ನಾನು ಎದುರಿಗೆ ನಿಂತೆ. ಅತ್ತೆ ಬಾಗಿಲ ಪಡಿಗೆ ಒರಗಿದ್ದಳು. ಆಯಿ ಕಷಾಯ ಕಾಸುವುದನ್ನು ಬಿಟ್ಟು ಬಂದಿದ್ದಳು.

ಗಡಿಯಾರವಿದ್ದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು ಎಂದು ಶುರುಮಾಡಿದೆ. ಅಪ್ಪ ಮೃದುವಾಗಿ, "ಹಾಗಾದರೆ ಗಡಿಯಾರ ಮಾಡಿದವನನ್ನು ಮಾಡಿದವರು ಯಾರು?" ಎಂದು ಕೇಳಿದ. ಅದನ್ನು ಬಿಟ್ಟು ಎರಡನೆಯದಕ್ಕೆ ಹೋದೆ: ನಂಬಿಕೆಯಿಂದ ಮನಸ್ಸಿಗೆ ನೆಮ್ಮದಿ ಬರುತ್ತದೆ.

"ನಿದ್ದಿ ಗುಳಿಗಿ ತಗೊಂಡ್ರೂ ನೆಮ್ಮದಿ ಬರ್ತೈತವ್ವಾ. ಗುಳಿಗಿಗೆ ಪೂಜಿ ಮಾಡ್ತೇವೇನು?" ಎಂದರು ಶಿವಾನಂದ ಸರ್.

ಇಷ್ಟೊಂದು ಜನ ಇಷ್ಟು ಕಾಲ ನಂಬಿದ್ದು ಸುಳ್ಳಾಗುವುದು ಹೇಗೆ ಎಂದೆ. ಹೇಳುತ್ತಿರುವಾಗಲೇ ಉತ್ತರ ನನಗೇ ಹೊಳೆಯಿತು. ಅಪ್ಪನಿಗೂ ಅದು ತಿಳಿದಿರಬೇಕು. ಸೂರ್ಯ ಭೂಮಿಯನ್ನು ಸುತ್ತುತ್ತಾನೆಂದು ನಂಬಿದ್ದ ಜನರ ಮಾತನ್ನು ಅವನು ಎತ್ತಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಿದೆ. ಹಿಂದಿನಿಂದ ಅತ್ತೆ ಬಂದು ಭುಜದ ಮೇಲೆ ಕೈಯಿಟ್ಟಳು.

"ಸಾಕು ಕೂಸೆ. ಚೊಲೋ ಹೇಳ್ದೆ. ಆದ್ರೆ ನೀ ಹೇಳಿದ ದೇವ್ರ ಗುರ್ತು ಯಂಗೂ ಇಲ್ಲೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ನನ್ನ ಜಾಗದಲ್ಲಿ ನಿಂತು ಸೆರಗನ್ನು ಸರಿಮಾಡಿಕೊಂಡಳು. ಶಿವಾನಂದ ಸರ್‌ಗೂ ತಿಳಿಯಲೆಂದು ಪೇಟೆಯ ಕನ್ನಡದಲ್ಲಿ ಮಾತಾಡಿದಳು.

"ನೆಮ್ಮದಿ ಅಂತ ಹೇಳ್ತು ಕೂಸು. ನನಗೇನೂ ಅವನಿಂದ ನೆಮ್ಮದಿ ಸಿಗಲಿಲ್ಲ ಮಾಸ್ತರ್ರೇ. ಗಂಡ ಮಲಗಿದ್ದಾಗ ಬದುಕಿಸು ಅಂತ ಕೇಳಿದೆ, ಬದುಕಿಸಲಿಲ್ಲ. ಕೊಡುವ ಪೈಕಿಯವನಲ್ಲ ಅವ. ಅದು ಗೊತ್ತಾದ ಮೇಲೆ ನಾನು ಏನೂ ಕೇಳಲಿಲ್ಲ. ಹೂ ಕೊಯ್ಯುವಾಗ ಬೈತೇನೆ. ಗಂಧ ತೇಯುವಾಗ ಬೈತೇನೆ. ದಿನಾ."

"ಹಂಗಾದ್ರ ಅಕ್ಕಾರ," ಎಂದು ಶಿವಾನಂದ ಸರ್ ದನಿ ತಗ್ಗಿಸಿ ಕೇಳಿದರು, "ಅವಾ ಅದಾನ ಅಂತ ನಿಮಗ ಹ್ಯಾಂಗ ಗೊತ್ತು?"

"ಇಲ್ಲದವನ ಮೇಲೆ ಇಷ್ಟು ವರ್ಷ ಸಿಟ್ಟು ಬರ್ತದಾ?"

ಇದಕ್ಕೆ ಉತ್ತರವಿಲ್ಲ, ಗೆದ್ದೆವು ಎಂದು ನನಗನಿಸಿತು. ಮುಂದೆ ಧಾರವಾಡದಲ್ಲಿ ಓದುವಾಗ ಈ ವಿಷಯದ ಮೇಲೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಲಿಲ್ಲ. ಶಿವಾನಂದ ಸರ್ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಪ್ಪ ನೆಲ ನೋಡುತ್ತಿದ್ದ. ಆಮೇಲೆ, ಅಕ್ಕನ ಹತ್ತಿರ ಮಾತ್ರ ಮಾತನಾಡುವವನಂತೆ, ಮನೆಯ ಮಾತಿನಲ್ಲಿ ಹೇಳಿದ.

"ಬತ್ತು ಅಕ್ಕಾ. ನಿನ್ನ ಶಾಲೆ ಬಿಡ್ಸಿದ್ದಕ್ಕೆ ಯಂಗೆ ಈಗ್ಲೂ ಅಪ್ಪನ ಮೇಲೆ ಸಿಟ್ಟು ಬತ್ತು. ದಿನಾ ಮೀಯಕಾದ್ರೆ ಅವನ ಹತ್ರ ಜಗಳ ಆಡ್ತೆ. ಇವತ್ತೂ ಆಡಿದ್ದೆ. ಅಪ್ಪ ಇದ್ನ?"

ಅತ್ತೆ ಅವನನ್ನೇ ನೋಡಿದಳು. ಅವಳ ಶಾಲೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನಾನು ಕೇಳಿರಲಿಲ್ಲ. ಬಹುಶಃ ಅವಳೂ ಕೇಳಿರಲಿಲ್ಲ.

"ನಿಂಗೆ ಅದು ನೆನಪಿದ್ದ ಅಪ್ಪಿ?"

"ನಿನ್ನ ಪಾಟಿಚೀಲ ಯಂಗೆ ಕೊಟ್ಟಿದ್ವಲೆ. ಅದ್ನೇ ಹೊತ್ಕಂಡು ಹೋದೆ ಆನು."

ಅತ್ತೆ ಅಪ್ಪನ ಮಾತನ್ನು ಒಳಗೆ ತಿರುಗಿಸಿ ನೋಡುತ್ತಿದ್ದಳು. ಅವಳು ಯಾವ ವಾದವನ್ನೂ ಅರ್ಧಕ್ಕೆ ತಳ್ಳಿಹಾಕುತ್ತಿರಲಿಲ್ಲ. ಕೊನೆಗೆ ತಲೆಯಾಡಿಸಿದಳು.

"ಹೌದು. ಇದಕ್ಕೆ ಯನ್ನ ಹತ್ರ ಉತ್ರ ಇಲ್ಲೆ. ಸೋತೆ."

"ಅಕ್ಕಾರ, ಹಂಗ ಅಲ್ರಿ," ಎಂದು ಶಿವಾನಂದ ಸರ್ ಗಡಬಡಿಸಿದರು. "ಇದು ಮಾತಿಗೆ ಮಾತು. ಮುಂದಿನ ವಾರ ಮತ್ತೊಮ್ಮೆ ಕೂಡೂಣು. ನೀವು ಇನ್ನೂ ವಿಚಾರ ಮಾಡ್ರಿ."

"ಸೋತರೆ ಸೋತ ಹಾಗೇ ಮಾಸ್ತರ್ರೇ. ಗೆದ್ದಿದ್ರೆ ನಾನು ಬಿಡ್ತಿದ್ನಾ?"

ಕಷಾಯ ತರಲು ಅವಳು ಒಳಗೆ ಹೋದಳು. ಗೆದ್ದವರಿಬ್ಬರೂ ಪರೀಕ್ಷೆಯಲ್ಲಿ ಫೇಲಾದ ಹುಡುಗರಂತೆ ಕೂತಿದ್ದರು. ನಾಳೆಯಿಂದ ಅತ್ತೆ ಊಟ ಬಿಡುತ್ತಾಳೆಂಬ ಭಯ ಎಲ್ಲರಿಗೂ ಇತ್ತು, ಕೇಳಿದವಳು ಆಯಿ.

"ಅತ್ಗೇ, ನಾಳೆ ತಿಂಡಿ?"

"ತಿಂತೆ. ಸೋತವು ಊಟ ಬಿಡಲಾಗ. ಅದು ವಾದ ಅಲ್ಲ, ಸೇಡು ಆಗ್ತು."

ಸಂಜೆ ಅವಳು ಪೆಟ್ಟಿಗೆ ಕಟ್ಟಲು ಒಂದು ಮಡಿವಸ್ತ್ರವನ್ನು ಒಗೆದು ಒಣಗಿಸಿ, ಮಡಚಿ, ಗೂಡಿನ ಕೆಳಗೆ ಇಟ್ಟಳು. ಕಟ್ಟುವುದು ಅಪ್ಪನ ಕೆಲಸ. ಅವನು ಕಟ್ಟಲಿಲ್ಲ. ಕಾಲೇಜಿನ ಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದ, ಒಂದನ್ನೂ ತಿದ್ದಲಿಲ್ಲ.

ಮರುದಿನ ಬೆಳಿಗ್ಗೆ ನನಗೆ ತಡವಾಗಿ ಎಚ್ಚರವಾಯಿತು. ಗಂಧ ತೇಯುವ ಸದ್ದಿರಲಿಲ್ಲ. ಎದ್ದು ಬಂದು ನೋಡಿದರೆ ಗಂಧದ ಕಲ್ಲನ್ನು ತೊಳೆದು ಗೋಡೆಗೆ ಒರಗಿಸಿತ್ತು. ಅತ್ತೆ ತನ್ನ ಹೊಸ್ತಿಲಲ್ಲಿ, ಕೈಯಲ್ಲಿ ಕಷಾಯದ ಲೋಟ ಹಿಡಿದು ಕೂತಿದ್ದಳು. ಮಾತಿಗೆ ತಪ್ಪದೆ ಕುಡಿಯುತ್ತಿದ್ದಳು; ಔಷಧಿಯಂತೆ, ಗುಟುಕು ಗುಟುಕಾಗಿ. ಬಚ್ಚಲ ಬಾಗಿಲು ತೆರೆದುಕೊಂಡು ಅಪ್ಪ ಎಂದಿನಂತೆ ಒದ್ದೆ ಪಂಚೆಯಲ್ಲಿ ಬಂದ. ಗೂಡಿನೆದುರು ನಿಂತ. ದೀಪವಿರಲಿಲ್ಲ, ಹೂವಿರಲಿಲ್ಲ. ಕೆಳಗೆ ಮಡಚಿಟ್ಟ ವಸ್ತ್ರವಿತ್ತು. ಅವನು ಅದನ್ನೂ ಎತ್ತಿಕೊಳ್ಳಲಿಲ್ಲ, ಅಲ್ಲಿಂದ ಹೊರಡಲೂ ಇಲ್ಲ. ಗೆದ್ದವನು ಕೇಳುವ ಹಾಗಿರಲಿಲ್ಲ, ಸೋತವಳು ಕೊಡುವ ಹಾಗಿರಲಿಲ್ಲ. ಅತ್ತೆ ಅವನ ಕಡೆ ನೋಡದೆ ಲೋಟದೊಳಗೆ ನೋಡುತ್ತಿದ್ದಳು.

ನಾನು ಬಚ್ಚಲಿಗೆ ಹೋದೆ. ಹಂಡೆಯ ಬಿಸಿನೀರು ಅಪ್ಪನಿಗೇ ಮುಗಿದಿತ್ತು, ತಣ್ಣೀರಲ್ಲೇ ಮಿಂದೆ. ಒದ್ದೆ ಕೂದಲಿಗೆ ಪಂಜಿ ಸುತ್ತಿಕೊಂಡು ಹಿತ್ತಿಲಿಗೆ ಹೋಗಿ, ಕೈಗೆ ಎಟುಕಿದ ದಾಸವಾಳಗಳನ್ನೂ ನಂದಿಬಟ್ಟಲನ್ನೂ ಕೊಯ್ದೆ. ಏನನ್ನೂ ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ, ಅಷ್ಟು ಪರಿಚಯ ನನಗಿರಲಿಲ್ಲ. ಒಳಗೆ ಬಂದಾಗ ಅಪ್ಪ ಇನ್ನೂ ಗೂಡಿನೆದುರೇ ನಿಂತಿದ್ದ. ಬುಟ್ಟಿಯನ್ನು ಮಣೆಯ ಬಲಕ್ಕೆ, ಅತ್ತೆ ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಆಮೇಲೆ, ಶಾಲೆಗೆ ಹೊತ್ತಾಗಿತ್ತು, ಜಡೆ ಹಾಕಿಕೊಳ್ಳಲು ಒಳಗೆ ಹೋದೆ.